ಬಿಎಯಲ್ಲಿ ಹಲವು ವಿಷಯ ಓದಬೇಕೆನ್ನುವವರಿಗೆ: ಒಂದು ಪ್ರಶ್ನೆ ಹಿಡಿದು ಪದವಿ ಕಟ್ಟಿಕೊಳ್ಳುವುದು ಹೇಗೆ?

ಪಿಯುಸಿ ಫಲಿತಾಂಶ ಬಂದ ಮೇಲೆ ಆರ್ಟ್ಸ್ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ‘ಸರ್, ಬಿಎಯಲ್ಲಿ ಯಾವ ಕಾಂಬಿನೇಷನ್ ತಗೊಳ್ಳಲಿ? ಇತಿಹಾಸ ಇಷ್ಟ, ಸಾಹಿತ್ಯವೂ ಇಷ್ಟ, ಸೋಷಿಯಾಲಜಿ ಬಿಡೋಕೆ ಮನಸ್ಸಿಲ್ಲ.’ ಇಂಥ ಮಕ್ಕಳನ್ನು ಕಂಡರೆ ನನಗೆ ತುಂಬ ಖುಷಿ. ಒಂದೇ ವಿಷಯಕ್ಕೆ ಕಟ್ಟುಬೀಳದೆ ಓದುವ ಅವಕಾಶ ಈಗ ಮೊದಲಿಗಿಂತ ಜಾಸ್ತಿ ಇದೆ.

ಆದರೆ ಇದರಲ್ಲಿ ಒಂದು ಕಷ್ಟ ಇದೆ. ಒಂದೇ ವಿಷಯದ ಆನರ್ಸ್ ಓದುವವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ವಿಭಾಗವೇ ಕ್ರಮ ಹಾಕಿಕೊಟ್ಟಿರುತ್ತದೆ. ಹಲವು ವಿಷಯಗಳ ಪದವಿಯಲ್ಲಿ ಆ ಕೆಲಸ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಪ್ರತಿ ಸೆಮಿಸ್ಟರ್‌ನಲ್ಲೂ ಕಣ್ಣಿಗೆ ಚೆನ್ನಾಗಿ ಕಂಡ ಪೇಪರ್ ತೆಗೆದುಕೊಂಡು ಹೋದರೆ ಕೊನೆಗೆ ಮಾರ್ಕ್ಸ್ ಕಾರ್ಡ್ ತುಂಬ ಹೆಸರುಗಳಿರುತ್ತವೆ, ಅವುಗಳ ನಡುವೆ ಸಂಬಂಧ ಮಾತ್ರ ಇರುವುದಿಲ್ಲ. ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದವರಿಗೆ ಅದೇ ಪೇಪರ್‌ಗಳು ಒಂದಕ್ಕೊಂದು ಸಹಾಯಕ್ಕೆ ಬರುತ್ತವೆ. ಅದನ್ನು ಹೇಗೆ ಮಾಡುವುದು ಎಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಪದವಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಹಲವು ವಿಷಯಗಳ ಬಿಎ ಎಂದರೆ ನಮ್ಮಲ್ಲಿ ಸದ್ಯ ಮೂರು ಬಗೆ.

ಮೊದಲನೆಯದು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಮೂರು ಐಚ್ಛಿಕ ವಿಷಯಗಳ ಬಿಎ. ಹೆಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಹೆಚ್‌ಇಕೆ (ಇತಿಹಾಸ, ಅರ್ಥಶಾಸ್ತ್ರ, ಕನ್ನಡ) ಎಂದೆಲ್ಲ ಕರೆಯುತ್ತೇವಲ್ಲ, ಅದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಇದು ಬದಲಾಗಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಮರಳಿತು. ಹಾಗಾಗಿ ಅಕ್ಕ ಓದಿದ ಬಿಎ, ತಮ್ಮ ಓದುವ ಬಿಎ ಎರಡೂ ಒಂದೇ ಅಲ್ಲ. ‘ಹೋದ ವರ್ಷ ಹೀಗಿತ್ತು’ ಎಂಬ ಮಾತನ್ನು ನಂಬಬೇಡಿ. ನಿಮ್ಮ ಬ್ಯಾಚಿಗೆ ಯಾವ ಸ್ಕೀಮ್ ಎಂದು ಕಾಲೇಜು ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ. ಪ್ರವೇಶ, ಪರೀಕ್ಷೆ, ಫಲಿತಾಂಶ ಹೆಚ್ಚಾಗಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಮಾಡಿರುವ ಯುಯುಸಿಎಂಎಸ್ ಪೋರ್ಟಲ್ ಮೂಲಕ ನಡೆಯುತ್ತವೆ. ಅಲ್ಲಿ ವಿಷಯ ಆಯ್ದು ಸಬ್‌ಮಿಟ್ ಮಾಡಿದ ಮೇಲೆ ಬದಲಾಯಿಸಲು ಓಡಾಟ ಬಹಳ. ಮೊದಲೇ ಯೋಚಿಸಿ ಒತ್ತಿ.

ಎರಡನೆಯದು ಮೇಜರ್-ಮೈನರ್ ಪದ್ಧತಿ, ಅಂದರೆ ಒಂದು ಮುಖ್ಯ ವಿಷಯ, ಅದರ ಜೊತೆ ಒಂದು ಉಪವಿಷಯ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಇದೇ ಇರುವುದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ತಂದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ (ಪಾಠದ ಹೊತ್ತಿನ ಅಳತೆ), ನಾಲ್ಕು ವರ್ಷದ ಆನರ್ಸ್‌ಗೆ 160. ಮೂರು ವರ್ಷದ ಪದವಿಯಲ್ಲಿ ಮೇಜರ್‌ಗೆ ಕನಿಷ್ಠ 60, ಮೈನರ್‌ಗೆ 24, ಬೇರೆ ವಿಭಾಗಗಳ ಬಹುವಿಷಯ ಪೇಪರ್‌ಗಳಿಗೆ 9 ಕ್ರೆಡಿಟ್. ಉಳಿದದ್ದು ಭಾಷೆ, ಕೌಶಲ, ಇಂಟರ್ನ್‌ಶಿಪ್ ಹೀಗೆ ಹಂಚಿಹೋಗುತ್ತದೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ ಇವೆಲ್ಲಕ್ಕೂ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇದು ನಮ್ಮ ಹಳ್ಳಿ ಕಾಲೇಜಿನ ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಮೂರನೆಯದು ‘ಹ್ಯುಮ್ಯಾನಿಟೀಸ್’ ಅಥವಾ ‘ಲಿಬರಲ್ ಆರ್ಟ್ಸ್’ ಹೆಸರಿನ ಪದವಿ. ಮಣಿಪಾಲದ ಸೆಂಟರ್ ಫಾರ್ ಹ್ಯುಮ್ಯಾನಿಟೀಸ್, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಹರಿಯಾಣದ ಸೋನಿಪತ್‌ನ ಅಶೋಕ, ಪುಣೆಯ ಫ್ಲೇಮ್ ಇಂಥ ಕಡೆ ಸಿಗುತ್ತದೆ. ಶುಲ್ಕ ಜಾಸ್ತಿ. ಆದರೆ ಕುಟುಂಬದ ಆದಾಯ ನೋಡಿ ನೆರವು ಕೊಡುವ ಕಡೆಗಳೂ ಇವೆ, ಅಜೀಂ ಪ್ರೇಮ್‌ಜಿ ಅದರಲ್ಲಿ ಒಂದು. ಫೀಸ್ ಪಟ್ಟಿ ನೋಡಿದ ಕೂಡಲೇ ಕೈಬಿಡಬೇಡಿ. ನೆರವಿನ ಪುಟವನ್ನೂ ಓದಿ.

ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲನೆಯ ಬಗೆ ಯಾವುದಕ್ಕೂ ಕಡಿಮೆ ಅಲ್ಲ. ಒಳ್ಳೆಯ ಲೈಬ್ರರಿ, ಪಾಠದಾಚೆಗೂ ಮಾತಾಡುವ ಇಬ್ಬರು ಮೇಷ್ಟ್ರು ಇರುವ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದುವ ವಿದ್ಯಾರ್ಥಿ ನಿಜವಾಗಿಯೂ ಹಲವು ವಿಷಯಗಳ ಪದವಿಯನ್ನೇ ಓದುತ್ತಿದ್ದಾನೆ. ಲಕ್ಷಗಟ್ಟಲೆ ಸಾಲ ಮಾಡಿ ದೂರ ಹೋಗಲೇಬೇಕು ಎಂದೇನಿಲ್ಲ. ಮುಂದಿನ ಹೆಜ್ಜೆಗಳು ಮೂರೂ ಬಗೆಯವರಿಗೆ ಅನ್ವಯಿಸುತ್ತವೆ.

ಹೆಜ್ಜೆ 2: ಒಂದು ಪ್ರಶ್ನೆ ಬರೆದುಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇದಕ್ಕೆ ಸಮಯ ಕೊಡಿ.

‘ನನಗೆ ಸಂಸ್ಕೃತಿ ಇಷ್ಟ’ ಎಂದರೆ ಅದು ಪ್ರಶ್ನೆ ಆಗುವುದಿಲ್ಲ. ‘ಪರಿಸರದ ಬಗ್ಗೆ ಆಸಕ್ತಿ’ ಎಂದರೂ ಆಗುವುದಿಲ್ಲ. ಪ್ರಶ್ನೆಗೆ ಜಾಗ ಇರಬೇಕು, ಜನ ಇರಬೇಕು, ಕಾಲ ಇರಬೇಕು. ಕೋಲಾರದ ಕಡೆಯ ಒಬ್ಬ ವಿದ್ಯಾರ್ಥಿ ಹೀಗೆ ಬರೆದುಕೊಳ್ಳಬಹುದು: ‘ನಮ್ಮೂರ ಕೆರೆ ನೀರನ್ನು ಯಾರು, ಯಾರಿಗೆ, ಹೇಗೆ ಹಂಚುತ್ತಿದ್ದರು? ಆ ಹಂಚಿಕೆ ಯಾಕೆ ನಿಂತಿತು?’

ಈ ಒಂದು ಪ್ರಶ್ನೆ ಎಷ್ಟು ವಿಷಯಗಳ ಬಾಗಿಲು ತಟ್ಟುತ್ತದೆ ನೋಡಿ.

ಇತಿಹಾಸದಿಂದ ಶುರು ಮಾಡೋಣ. ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1886ರಿಂದ ಹೊರತರಲು ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಒಂದು ಸಂಪುಟ ಇದೆ. ಕೆರೆ ಕಟ್ಟಿಸಿದವರು, ಒಡೆದ ಏರಿಯನ್ನು ಸರಿ ಮಾಡಿಸಿದವರು, ಅದಕ್ಕೆ ಪ್ರತಿಯಾಗಿ ಕಟ್ಟುಕೊಡಗೆ ಭೂಮಿ ಪಡೆದವರು ಶಾಸನಗಳಲ್ಲಿ ಬರುತ್ತಾರೆ. ಆ ಭೂಮಿ ಎಲ್ಲಿತ್ತು, ತೂಬಿನ ಹತ್ತಿರವೋ ಅಚ್ಚುಕಟ್ಟಿನ ಕೊನೆಯಲ್ಲೋ ಎಂದು ಹುಡುಕಲು ಹೊರಟರೆ ಇತಿಹಾಸದ ಜೊತೆ ಭೂಗೋಳವೂ ಬೇಕಾಗುತ್ತದೆ. ಗ್ರಾಮ ನಕಾಶೆಯನ್ನು ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಸಿಗುವ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿದರೆ ಕೆರೆ ಎಷ್ಟು ಕುಗ್ಗಿದೆ, ರಾಜಕಾಲುವೆ ಎಲ್ಲಿ ಮುಚ್ಚಿಹೋಗಿದೆ ಎಂದು ಕಣ್ಣಿಗೆ ಕಾಣುತ್ತದೆ.

ಆಮೇಲೆ ನೀರುಗಂಟಿ. ತೂಬು ಎತ್ತಿ, ಗದ್ದೆಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದ ಮನುಷ್ಯ. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದ್ದಾಗಿತ್ತು. ಇಡೀ ಊರಿಗೆ ನೀರು ಹಂಚುವವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ ಎಂದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಇದಕ್ಕೆ ಶಾಸನ ಸಾಲದು. ಸಮಾಜಶಾಸ್ತ್ರ ಬೇಕು, ಊರಲ್ಲಿ ಕೂತು ಹಿರಿಯರ ಮಾತು ಕೇಳುವ ತಾಳ್ಮೆ ಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಮಾಡಿದ ಕ್ಷೇತ್ರಕಾರ್ಯ ಇಂಥ ಓದಿಗೆ ಒಳ್ಳೆಯ ಮಾದರಿ.

ಅರ್ಥಶಾಸ್ತ್ರದವರು ಇನ್ನೊಂದು ಕಡೆಯಿಂದ ಬರುತ್ತಾರೆ. ಎಲ್ಲರಿಗೂ ಸೇರಿದ ನೀರನ್ನು ಜನ ತಾವೇ ನಿಯಮ ಮಾಡಿಕೊಂಡು ಕಾಪಾಡಬಲ್ಲರೇ? ಅಮೆರಿಕದ ವಿದ್ವಾಂಸೆ ಎಲಿನೋರ್ ಆಸ್ಟ್ರಮ್ ಜೀವಮಾನವಿಡೀ ಕೇಳಿದ ಪ್ರಶ್ನೆ ಇದು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಓದಿದ್ದು ರಾಜ್ಯಶಾಸ್ತ್ರ! ವಿಷಯಗಳ ನಡುವಿನ ಗೋಡೆ ಎಷ್ಟು ತೆಳು ಎಂದು ತೋರಿಸಲು ನಾನು ತರಗತಿಯಲ್ಲಿ ಈ ಉದಾಹರಣೆಯನ್ನೇ ಕೊಡುವುದು. ರಾಜ್ಯಶಾಸ್ತ್ರಕ್ಕೂ ಇಲ್ಲಿ ಕೆಲಸ ಇದೆ. ಸಂವಿಧಾನದ 73ನೇ ತಿದ್ದುಪಡಿ ತಂದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿಯೂ ಇದೆ. ಹಾಗಿದ್ದರೆ ಕೆರೆ ಪಂಚಾಯಿತಿಯದೋ, ಇಲಾಖೆಯದೋ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದನ್ನು ತೀರ್ಮಾನಿಸಿದವರು ಯಾರು, ಊರವರನ್ನು ಕೇಳಿದರೇ?

ಸಾಹಿತ್ಯವನ್ನು ಕೊನೆಗೆ ಹೇಳುತ್ತಿದ್ದೇನೆ, ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಅದೇ. ಕೆರೆಗೆ ಹಾರವಾದ ಭಾಗೀರಥಿಯ ಜಾನಪದ ಕಥನಗೀತೆ ನಮಗೆಲ್ಲ ಗೊತ್ತು. ನೀರು ಬಾರದ ಕೆರೆಗೆ ಕಿರಿಸೊಸೆಯನ್ನು ಬಲಿ ಕೊಡುವ ಕಥೆ. ಶಾಸನದಲ್ಲಿ ಕೆರೆ ಕಟ್ಟಿಸಿದ ಗಂಡಸಿನ ಹೆಸರು ಇದೆ, ಹಾಡಿನಲ್ಲಿ ಅದಕ್ಕೆ ಜೀವ ತೆತ್ತ ಹೆಣ್ಣಿನ ಹೆಸರು ಇದೆ. ಈ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವ ಅವಕಾಶ ಸಿಗುವುದು ಇಂಥ ಪದವಿಯಲ್ಲಿ ಮಾತ್ರ.

ನಿಮ್ಮ ಪ್ರಶ್ನೆ ಸರಿಯಾಗಿದೆಯಾ ಎಂದು ಮೂರು ರೀತಿ ಪರೀಕ್ಷಿಸಿ. ಒಂದೇ ವಿಷಯ ಓದಿ ಉತ್ತರ ಸಿಗುವಂತಿದ್ದರೆ ಅದು ಸಣ್ಣದಾಯಿತು. ಬಸ್ ಹತ್ತಿ ಹೋಗಿ ಬರುವಷ್ಟು ದೂರದಲ್ಲಿ ಅದರ ಜನ, ಜಾಗ, ಕಾಗದಪತ್ರ ಇಲ್ಲದಿದ್ದರೆ ಅದು ದೂರದ್ದಾಯಿತು. ಅದರ ಮೂಲ ಸಾಮಗ್ರಿ ನಿಮಗೆ ಓದಲು ಬರುವ ಭಾಷೆಯಲ್ಲಿ ಇಲ್ಲದಿದ್ದರೆ ಒಂದೋ ಭಾಷೆ ಕಲಿಯಬೇಕು, ಇಲ್ಲ ಪ್ರಶ್ನೆ ಬದಲಿಸಬೇಕು. ಕರಾವಳಿಯವರು ಬೀಡಿ ಕಟ್ಟುವ ಹೆಂಗಸರ ದುಡಿಮೆ ಬಗ್ಗೆ ಕೇಳಬಹುದು. ಇಳಕಲ್ ಕಡೆಯವರಿಗೆ ಕೈಮಗ್ಗ ಇದೆ. ಬೆಳಗಾವಿ, ಕಾಸರಗೋಡಿನವರ ಮನೆಯಲ್ಲೇ ಎರಡು ಮೂರು ಭಾಷೆ ಓಡಾಡುತ್ತವೆ, ಅದೇ ಒಂದು ಪ್ರಶ್ನೆ. ಬೆಂಗಳೂರಿನವರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು ಎನ್ನುವುದೇ ಸಾಕು, ಶುರು ಮಾಡಲು.

ಈ ಪ್ರಶ್ನೆ ಮೂರು ವರ್ಷವೂ ಹಾಗೇ ಇರಬೇಕಿಲ್ಲ. ಎರಡನೇ ವರ್ಷದಲ್ಲಿ ಬದಲಾದರೂ ಪರವಾಗಿಲ್ಲ. ಯಾವಾಗಲೂ ಒಂದು ಇರಬೇಕು, ಅಷ್ಟೇ.

ಹೆಜ್ಜೆ 3: ಒಂದು ವಿಷಯವನ್ನು ಮುಖ್ಯ ಮಾಡಿಕೊಳ್ಳಿ

ಹಲವು ವಿಷಯ ಓದಿ, ಆದರೆ ಒಂದರಲ್ಲಿ ಆಳಕ್ಕೆ ಇಳಿಯಿರಿ. ಪ್ರತಿ ವಿಷಯಕ್ಕೂ ತನ್ನದೇ ಕೆಲಸದ ರೀತಿ ಇರುತ್ತದೆ. ಒಂದು ದಾಖಲೆಯನ್ನು ಎಷ್ಟು ನಂಬಬೇಕು, ಅದನ್ನು ಯಾರು ಯಾಕೆ ಬರೆದರು ಎಂದು ಕೇಳುವುದನ್ನು ಇತಿಹಾಸ ಕಲಿಸುತ್ತದೆ. ಒಂದು ಸಾಲನ್ನು ನಿಧಾನವಾಗಿ, ಅದರ ಧ್ವನಿಯ ಸಮೇತ ಓದುವುದನ್ನು ಸಾಹಿತ್ಯ ಕಲಿಸುತ್ತದೆ. ಅಂಕಿ ಅಂಶ ಎಲ್ಲಿ ಮೋಸ ಮಾಡುತ್ತದೆ ಎಂದು ಅರ್ಥಶಾಸ್ತ್ರ, ವಾದ ಎಲ್ಲಿ ಕುಂಟುತ್ತದೆ ಎಂದು ತತ್ವಶಾಸ್ತ್ರ ತೋರಿಸುತ್ತವೆ. ಇವುಗಳಲ್ಲಿ ಒಂದಾದರೂ ನಿಮ್ಮ ಕೈಗೆ ಚೆನ್ನಾಗಿ ಹತ್ತಬೇಕು. ಇಲ್ಲದಿದ್ದರೆ ಎಲ್ಲದರ ಬಗ್ಗೆಯೂ ಸುಮ್ನೆ ಸ್ವಲ್ಪ ಸ್ವಲ್ಪ ಮಾತಾಡಲು ಬರುತ್ತದೆ, ಗಟ್ಟಿಯಾಗಿ ಏನನ್ನೂ ಹೇಳಲು ಆಗುವುದಿಲ್ಲ.

ಆರಿಸುವಾಗ ಯಾವ ವಿಷಯ ಇಷ್ಟ ಎನ್ನುವುದಕ್ಕಿಂತ ಯಾವ ಕೆಲಸ ಮಾಡಲು ಇಷ್ಟ ಎಂದು ನೋಡಿ. ಹಳೆಯ ಕಾಗದದ ಮುಂದೆ ಗಂಟೆಗಟ್ಟಲೆ ಕೂರಬಲ್ಲಿರಾ? ಅಪರಿಚಿತರ ಮನೆ ಜಗುಲಿಯಲ್ಲಿ ಕೂತು ಮಾತಾಡಿಸಬಲ್ಲಿರಾ? ಪಟ್ಟಿ, ಲೆಕ್ಕ ಹಾಕುವುದು ಖುಷಿಯಾ? ಇದಕ್ಕೆ ಸಿಗುವ ಉತ್ತರವೇ ನಿಮ್ಮ ಮುಖ್ಯ ವಿಷಯವನ್ನು ತೋರಿಸುತ್ತದೆ. ಮೂರು ಐಚ್ಛಿಕಗಳ ಬಿಎಯಲ್ಲಿ ಮೂರಕ್ಕೂ ಅಂಕದ ತೂಕ ಒಂದೇ ಇರಬಹುದು. ಆದರೆ ಲೈಬ್ರರಿಯಲ್ಲಿ ನೀವು ಕೊಡುವ ಸಮಯ ಒಂದೇ ಆಗಿರಬೇಕಿಲ್ಲ.

ಹೆಜ್ಜೆ 4: ಮುಂದಿನ ಬಾಗಿಲುಗಳನ್ನು ಈಗಲೇ ನೋಡಿ

ಮನೆಯವರು ಚಿಂತೆ ಮಾಡುವುದು ಇಲ್ಲೇ. ಅವರ ಚಿಂತೆ ನ್ಯಾಯವಾದದ್ದು. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲೇ ಒಂದು ದಿನ ಕೂತು ಇದನ್ನು ಪಕ್ಕಾ ಮಾಡಿಕೊಳ್ಳಿ.

ಶಾಲೆಯಲ್ಲಿ ಪಾಠ ಮಾಡುವ ಆಸೆ ಇದ್ದರೆ ಬಹಳ ಎಚ್ಚರ ಬೇಕು. ಶಿಕ್ಷಕರ ನೇಮಕಾತಿಯಲ್ಲಿ ಬಿಎ ಆಗಿದೆ ಎನ್ನುವುದಷ್ಟೇ ಸಾಲುವುದಿಲ್ಲ, ಯಾವ ಐಚ್ಛಿಕ ವಿಷಯ ಓದಿದ್ದೀರಿ ಎಂದೂ ನೋಡುತ್ತಾರೆ. ಬಿಎಡ್‌ನಲ್ಲಿ ಬೋಧನಾ ವಿಷಯ ಸಿಗುವುದೂ ಅದರ ಮೇಲೆಯೇ. ಹಿಂದಿನ ನೇಮಕಾತಿ ಅಧಿಸೂಚನೆ ತೆಗೆದು, ಅದರಲ್ಲಿರುವ ವಿಷಯಗಳ ಪಟ್ಟಿಯನ್ನು ನಿಮ್ಮ ಕಾಂಬಿನೇಷನ್ ಪಕ್ಕ ಇಟ್ಟು ನೋಡಿ. ಅಪರೂಪದ ಕಾಂಬಿನೇಷನ್ ಓದಿ, ನೇಮಕಾತಿ ಹೊತ್ತಿನಲ್ಲಿ ಅರ್ಹತೆ ಇಲ್ಲ ಎನಿಸಿಕೊಂಡ ಮಕ್ಕಳ ಮುಖ ನೋಡುವುದು ಕಷ್ಟ.

ಕಾಲೇಜಿನಲ್ಲಿ ಪಾಠ ಮಾಡಲು ಎಂಎ ಮತ್ತು ನೆಟ್ (ರಾಷ್ಟ್ರಮಟ್ಟದ) ಅಥವಾ ಕೆಸೆಟ್ (ರಾಜ್ಯಮಟ್ಟದ) ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಮೀಸಲಾತಿ ಇರುವವರಿಗೆ ಶೇ 50 ಅಂಕ ಇರಬೇಕು. ನಮ್ಮ ರಾಜ್ಯದ ಹಲವು ಎಂಎ ಕೋರ್ಸುಗಳಿಗೆ ಆ ವಿಷಯವನ್ನು ಬಿಎಯಲ್ಲಿ ಐಚ್ಛಿಕವಾಗಿ ಓದಿರಬೇಕು ಎಂಬ ನಿಯಮ ಇರುತ್ತದೆ. ಮೇಜರ್-ಮೈನರ್ ಓದಿದವರು ಎರಡರಲ್ಲಿ ಯಾವುದರಲ್ಲಾದರೂ ಎಂಎ ಮಾಡಬಹುದು ಎಂದು ಯುಜಿಸಿಯ 2024ರ ಸ್ನಾತಕೋತ್ತರ ಚೌಕಟ್ಟು ಹೇಳುತ್ತದೆ. ಆದರೂ ನೀವು ಹೋಗಬೇಕೆಂದಿರುವ ವಿಶ್ವವಿದ್ಯಾಲಯದ ಅರ್ಹತಾ ಪಟ್ಟಿಯನ್ನೇ ಓದಿ. ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಯ ದಾರಿ ಹಿಡಿಯಲು ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಬೇಕು. ಮೊದಲ ವರ್ಷವನ್ನು ಹಗುರಾಗಿ ಕಳೆದವರಿಗೆ ಇದು ತಡವಾಗಿ ನೆನಪಾಗುತ್ತದೆ.

ಯುಪಿಎಸ್‌ಸಿ ನಾಗರಿಕ ಸೇವೆಗೆ ಯಾವ ಪದವಿಯಾದರೂ ಆಗುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ 250 ಅಂಕದ ಎರಡು ಪತ್ರಿಕೆ ಇರುತ್ತವೆ, ಕನ್ನಡ ಸಾಹಿತ್ಯವನ್ನೂ ತೆಗೆದುಕೊಳ್ಳಬಹುದು. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿದವರಿಗೆ ಸಾಮಾನ್ಯ ಅಧ್ಯಯನದ ಪತ್ರಿಕೆಗಳಲ್ಲಿ ಬಹಳಷ್ಟು ಓದಿದ್ದೇ ಬರುತ್ತದೆ. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ, ವಸ್ತುಸಂಗ್ರಹಾಲಯದ ಕೆಲಸ, ಅನುವಾದ, ಸಮೀಕ್ಷೆ ಮಾಡುವ ಸಂಸ್ಥೆಗಳು ಇವೂ ಇವೆ.

ಮನೆಯಲ್ಲಿ ಮಾತಾಡುವಾಗ ‘ನನಗೆ ಇಷ್ಟ’ ಎನ್ನುವುದಷ್ಟೇ ಸಾಲದು. ಒಂದು ಹಾಳೆ ತಗೊಳ್ಳಿ. ಓದುವುದೇನು, ಖರ್ಚೆಷ್ಟು, ಸ್ಕಾಲರ್‌ಶಿಪ್ ಯಾವುದು, ಮುಂದೆ ಮೂರು ದಾರಿ ಯಾವುವು ಎಂದು ಬರೆದು ಅಪ್ಪ ಅಮ್ಮನ ಮುಂದೆ ಇಡಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಅದನ್ನು ಪ್ರವೇಶಕ್ಕೆ ಮುಂಚೆಯೇ ನಾಡಕಚೇರಿಯಲ್ಲಿ ಮಾಡಿಸಿಕೊಂಡರೆ ಆಮೇಲೆ ಪರದಾಟ ಇಲ್ಲ.

ಹೆಜ್ಜೆ 5: ಆರು ಸೆಮಿಸ್ಟರ್‌ಗೂ ಒಂದು ನಕ್ಷೆ ಹಾಕಿ

ಪಠ್ಯಕ್ರಮದ ಪಿಡಿಎಫ್ ಪೂರ್ತಿ ಇಳಿಸಿಕೊಳ್ಳಿ. ಒಂದು ಸೆಮಿಸ್ಟರಿನದಲ್ಲ, ಆರೂ. ಯಾವ ಪೇಪರ್ ಎಲ್ಲಿ ಬರುತ್ತದೆ, ಯಾವುದರಲ್ಲಿ ಆಯ್ಕೆ ಇದೆ ಎಂದು ಗುರುತು ಹಾಕಿ.

ಮೊದಲ ಎರಡು ಸೆಮಿಸ್ಟರ್ ಅಗಲವಾಗಿ ಓದಲು. ಪರಿಚಯದ ಪೇಪರ್‌ಗಳು, ಗೊತ್ತಿಲ್ಲದ ಒಂದು ವಿಷಯ. ಮೂರು, ನಾಲ್ಕನೆಯದರಲ್ಲಿ ಕೆಲಸದ ಉಪಕರಣ ಕಲಿಯಿರಿ: ಸಂಶೋಧನಾ ವಿಧಾನ, ಅಂಕಿಸಂಖ್ಯೆ, ಶಾಸನ ಓದುವುದು. ಕೊನೆಯ ಎರಡರಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದ ಪೇಪರ್‌ಗಳನ್ನೇ ಆರಿಸಿ, ಯೋಜನಾ ವರದಿಯನ್ನು (ಪ್ರಾಜೆಕ್ಟ್) ಅದರ ಮೇಲೆಯೇ ಮಾಡಿ. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ ಸುಮಾರು 15 ಗಂಟೆ ಪಾಠ. ಪಾಠದಷ್ಟೇ ಹೊತ್ತು ಸ್ವಂತ ಓದಿಗೂ ಬೇಕು. ಈ ಲೆಕ್ಕ ಹಾಕಿದರೆ ಹೆಚ್ಚುವರಿ ಕೋರ್ಸು ತೆಗೆದುಕೊಳ್ಳುವ ಆಸೆ ಎಷ್ಟು ಸಾಧ್ಯ ಎಂದು ತಿಳಿಯುತ್ತದೆ.

ಕಾಗದದ ಮೇಲಿರುವ ಆಯ್ಕೆಯೆಲ್ಲ ಕಾಲೇಜಿನಲ್ಲಿ ಸಿಗುವುದಿಲ್ಲ. ಕಡಿಮೆ ವಿದ್ಯಾರ್ಥಿಗಳು ಸೇರಿದರೆ ಆ ಪೇಪರ್ ನಡೆಸುವುದಿಲ್ಲ. ಎರಡು ವಿಭಾಗಗಳ ಟೈಮ್‌ಟೇಬಲ್ ಒಂದೇ ಹೊತ್ತಿಗೆ ಬರುತ್ತದೆ. ಇದಕ್ಕೆ ಉಪಾಯ ಒಂದೇ: ಟೈಮ್‌ಟೇಬಲ್ ಅಂಟಿಸುವ ಮೊದಲೇ ಹೆಚ್‌ಒಡಿಗಳನ್ನು ಕಂಡು ಮಾತಾಡಿ. ನಾಲ್ಕೈದು ಜನ ಒಟ್ಟಿಗೆ ಹೋಗಿ. ಒಬ್ಬರೇ ಹೋಗಿ ಕೇಳಿದರೆ ‘ನೋಡೋಣ’ ಎನ್ನುವವರು ಗುಂಪು ಬಂದಾಗ ದಾರಿ ಹುಡುಕುತ್ತಾರೆ.

ಕಾಲೇಜಿನಲ್ಲಿ ಇಲ್ಲದ್ದನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಓದಬಹುದು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಅದರಿಂದ ಪಡೆಯಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿದೆ. ಆದರೆ ಆ ಕ್ರೆಡಿಟ್ ಒಪ್ಪುವುದು ನಿಮ್ಮ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು. ಸೇರುವ ಮೊದಲೇ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. 2022ರಿಂದ ಒಟ್ಟಿಗೇ ಎರಡು ಪದವಿ ಓದಲೂ ಯುಜಿಸಿ ಒಪ್ಪಿದೆ. ಕಾಲೇಜಿನ ಬಿಎ ಜೊತೆ ಇಗ್ನೋದಲ್ಲೋ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಇನ್ನೊಂದನ್ನು ಓದಬಹುದು. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಅದು ಬೇಡ. ಇರುವ ಒಂದನ್ನು ಚೆನ್ನಾಗಿ ಓದಿ.

ಹೆಜ್ಜೆ 6: ಒಂದು ಲಿಪಿ ಅಥವಾ ಭಾಷೆ, ಒಂದು ಲೆಕ್ಕದ ಕೆಲಸ, ಒಂದು ಓಡಾಟ

ಮೂರು ವರ್ಷದಲ್ಲಿ ಈ ಮೂರನ್ನು ಕಲಿತವರು ಉಳಿದವರಿಗಿಂತ ಎದ್ದು ಕಾಣುತ್ತಾರೆ.

ಭಾಷೆ, ಲಿಪಿಯ ವಿಷಯದಲ್ಲಿ ನಮಗೆ ಇರುವ ಸಂಪತ್ತು ದೊಡ್ಡದು. ಹಳಗನ್ನಡ ಸರಾಗವಾಗಿ ಓದಲು ಬಂದರೆ ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಿಂದ ಹಿಡಿದು ಸಾವಿರಾರು ಶಾಸನ, ಕಾವ್ಯಗಳ ಲೋಕ ತೆರೆಯುತ್ತದೆ. ಇಂಗ್ಲಿಷ್ ಮಾತ್ರ ಬರುವ ಸಂಶೋಧಕರು ಇದಕ್ಕೆ ಅನುವಾದ ಕಾಯಬೇಕು. ನೀವು ನೇರವಾಗಿ ಓದಬಹುದು. ಧಾರವಾಡ, ಬೆಳಗಾವಿ ಕಡೆಯ ಮರಾಠಾ ಕಾಲದ ದಾಖಲೆಗಳು ಮೋಡಿ ಲಿಪಿಯಲ್ಲಿವೆ. ವಿಜಯಪುರದ ಆದಿಲ್‌ಶಾಹಿ ಕಾಲಕ್ಕೆ ಪರ್ಷಿಯನ್ ಬೇಕು. ಕರಾವಳಿಯ ತಾಳೆಗರಿಗಳಲ್ಲಿ ತಿಗಳಾರಿ ಲಿಪಿ ಸಿಗುತ್ತದೆ. ಇವನ್ನು ಓದಬಲ್ಲ ಯುವಕರು ತೀರಾ ಕಡಿಮೆ. ಒಂದನ್ನು ಕಲಿತರೂ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಲೆಕ್ಕದ ಕೆಲಸ ಎಂದರೆ ಹೆದರಬೇಡಿ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಜನಗಣತಿಯ ಗ್ರಾಮವಾರು ಅಂಕಿ ಹಾಕಿ, ಸರಾಸರಿ, ಶೇಕಡಾವಾರು ತೆಗೆದು, ಒಂದು ನಕ್ಷೆಯ ಮೇಲೆ ತೋರಿಸಲು ಬಂದರೆ ಬಿಎ ಮಟ್ಟಕ್ಕೆ ಸಾಕು. ನಕ್ಷೆಗೆ ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ.

ಓಡಾಟ ಎಂದರೆ ತರಗತಿಯಿಂದ ಹೊರಗೆ ಹೋಗುವುದು. 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, 1909ರ ಬೆಂಗಳೂರಿನ ಮಿಥಿಕ್ ಸೊಸೈಟಿ, ರಾಜ್ಯ ಪತ್ರಾಗಾರ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ರಾಮನಗರದ ಜಾನಪದ ಲೋಕ, ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಇವುಗಳಲ್ಲಿ ಹತ್ತಿರದ್ದು ಯಾವುದು ನೋಡಿ. ಹೋಗುವಾಗ ಕಾಲೇಜಿನ ಗುರುತಿನ ಚೀಟಿ, ಪ್ರಾಂಶುಪಾಲರ ಒಂದು ಪತ್ರ ಇರಲಿ. ಏನು ಬೇಕು ಎಂದು ಬರೆದುಕೊಂಡು ಹೋಗಿ. ‘ಏನಾದರೂ ಹಳೆಯದು ತೋರಿಸಿ’ ಎಂದರೆ ಅಲ್ಲಿಯವರಿಗೂ ಬೇಸರ.

ಊರಲ್ಲಿ ಹಿರಿಯರನ್ನು ಮಾತಾಡಿಸುವಾಗ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಜಾತಿ, ಜಮೀನು, ಜಗಳದ ವಿಷಯ ಬಂದಾಗ ಹೆಸರು ಬರೆಯಬೇಡಿ. ನಿಮ್ಮ ಅಸೈನ್‌ಮೆಂಟ್ ಮುಗಿದು ಹೋಗುತ್ತದೆ, ಅವರು ಅದೇ ಊರಲ್ಲಿ ಇರಬೇಕು.

ಹೆಜ್ಜೆ 7: ಎಲ್ಲ ಅಸೈನ್‌ಮೆಂಟ್ ಒಂದೇ ಕಡೆ ತಿರುಗಿಸಿ

ಪ್ರತಿ ಪೇಪರ್‌ಗೂ ಇಂಟರ್ನಲ್ಸ್ ಇದ್ದೇ ಇರುತ್ತದೆ, ಅಲ್ವಾ? ಸಾಮಾನ್ಯವಾಗಿ ಮಕ್ಕಳು ಕೊನೇ ದಿನ ಎಲ್ಲಿಂದಲೋ ಇಳಿಸಿ ಬರೆದುಕೊಡುತ್ತಾರೆ. ಅದರ ಬದಲು ‘ಈ ಪೇಪರ್‌ನ ಅಸೈನ್‌ಮೆಂಟ್ ಕೆರೆಯ ಮೇಲೆ ಮಾಡಬಹುದಾ ಮೇಡಂ?’ ಎಂದು ಕೇಳಿ. ಬಹುತೇಕ ಮೇಷ್ಟ್ರುಗಳು ಸಂತೋಷದಿಂದ ಒಪ್ಪುತ್ತಾರೆ. ಇತಿಹಾಸಕ್ಕೆ ಒಂದು ಶಾಸನದ ಓದು, ಸಮಾಜಶಾಸ್ತ್ರಕ್ಕೆ ಒಬ್ಬ ನೀರುಗಂಟಿಯ ಸಂದರ್ಶನ, ಅರ್ಥಶಾಸ್ತ್ರಕ್ಕೆ ಬೋರ್‌ವೆಲ್ ಖರ್ಚಿನ ಲೆಕ್ಕ. ಆರನೇ ಸೆಮಿಸ್ಟರ್‌ಗೆ ಯೋಜನಾ ವರದಿ ಬರೆಯಲು ಕೂತಾಗ ಅರ್ಧ ಸಾಮಗ್ರಿ ಆಗಲೇ ಕೈಯಲ್ಲಿರುತ್ತದೆ. ಆದರೆ ಒಂದೇ ಬರಹವನ್ನು ಎರಡು ಪೇಪರ್‌ಗೆ ಕೊಡಬೇಡಿ. ಅದು ತಪ್ಪು, ಸಿಕ್ಕಿಬೀಳುತ್ತೀರಿ ಕೂಡ.

ಓದಿದ್ದನ್ನು ಬರೆದಿಡಲು ಒಂದು ಕ್ರಮ ಬೇಕು. ಪುಸ್ತಕದ ಹೆಸರು, ಪುಟ, ಲೇಖಕರು ಹೇಳಿದ್ದು, ನಿಮಗೆ ಅನಿಸಿದ್ದು. ಕೊನೆಯ ಎರಡನ್ನು ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ಆರು ತಿಂಗಳ ನಂತರ ಯಾವುದು ಯಾರ ಮಾತು ಎಂದು ಗೊಂದಲ ಆಗುವುದು ಇಲ್ಲೇ. ಕಂಪ್ಯೂಟರ್ ಇದ್ದರೆ ಓದಿದ ಪುಸ್ತಕ, ಲೇಖನಗಳ ವಿವರ ಕೂಡಿಡುವ ಜೊಟೆರೊ ಸಾಫ್ಟ್‌ವೇರ್ ಬಳಸಿ, ಉಚಿತ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿಎ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಧೈರ್ಯವಾಗಿ ಬರೆಯಿರಿ. ಯೋಚನೆ ಸ್ಪಷ್ಟವಾಗುವುದು ನಮ್ಮ ಭಾಷೆಯಲ್ಲೇ. ಆದರೆ ಇಂಗ್ಲಿಷ್ ಓದುವುದನ್ನು ಬಿಡಬೇಡಿ. ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದೇ ಒಂದು ಇಂಗ್ಲಿಷ್ ಲೇಖನ ಹಿಡಿಯಿರಿ. ದಿನಕ್ಕೆ ಎರಡು ಪುಟ ಓದಿ, ತಿಳಿದದ್ದನ್ನು ಕನ್ನಡದಲ್ಲಿ ಐದು ಸಾಲು ಬರೆಯಿರಿ. ವಿಷಯ ಮೊದಲೇ ಪರಿಚಯ ಇರುವುದರಿಂದ ಭಾಷೆ ಬೇಗ ಹತ್ತುತ್ತದೆ. ಹೀಗೆ ಓದಿದ ಮಕ್ಕಳು ಒಂದು ವರ್ಷದಲ್ಲಿ ದಪ್ಪ ದಪ್ಪ ಪುಸ್ತಕ ಹಿಡಿದು ಕೂತದ್ದನ್ನು ನೋಡಿದ್ದೇನೆ.

ಹೆಜ್ಜೆ 8: ಕಾಗದಪತ್ರ ಜೋಪಾನ, ಮಾತು ಸಿದ್ಧ

ಒಂದೇ ವಿಷಯದ ಪದವಿಯವರಿಗೆ ಹೆಸರೇ ಸಾಕು. ಹಲವು ವಿಷಯದವರು ತಾವು ಓದಿದ್ದನ್ನು ವಿವರಿಸಿ ಹೇಳಬೇಕಾಗುತ್ತದೆ. ಅದಕ್ಕೆ ಸಿದ್ಧವಾಗಿರಿ.

ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಪ್ರತಿ ಇಟ್ಟುಕೊಳ್ಳಿ. ಸ್ಕೀಮ್ ಬದಲಾದ ಮೇಲೆ ಹಳೆಯದು ವೆಬ್‌ಸೈಟ್‌ನಿಂದ ಮಾಯವಾಗುತ್ತದೆ. ಎಂಎ ಪ್ರವೇಶಕ್ಕೋ, ನೇಮಕಾತಿಗೋ, ವಿದೇಶಕ್ಕೆ ಅರ್ಜಿ ಹಾಕುವಾಗಲೋ ‘ಈ ಪೇಪರ್‌ನಲ್ಲಿ ಏನಿತ್ತು?’ ಎಂದು ಕೇಳಿದರೆ ತೋರಿಸಲು ಅದೇ ಬೇಕು. ನೀವು ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಕ್ರೆಡಿಟ್ ಬ್ಯಾಂಕ್‌ನ (ಎಬಿಸಿ) ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಿರಿ. ಅದರಲ್ಲಿ ನಿಮ್ಮ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆಯೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿ ಒದ್ದಾಡುವವರು ನಮ್ಮ ಕಡೆ ತುಂಬ ಜನ. ಪ್ರತಿ ಸೆಮಿಸ್ಟರ್ ಫಲಿತಾಂಶ ಬಂದ ವಾರದಲ್ಲೇ ಕ್ರೆಡಿಟ್ ಸರಿಯಾಗಿ ಏರಿದೆಯಾ ಪರಿಶೀಲಿಸಿ. ತಪ್ಪಿದ್ದರೆ ಆಗಲೇ ಅರ್ಜಿ ಕೊಡಿ.

ಬಯೋಡೇಟಾದಲ್ಲಿ ವಿಷಯಗಳ ಪಟ್ಟಿಗಿಂತ ಮೊದಲು ಕೆಲಸ ಬರೆಯಿರಿ. ‘ಬಿಎ, ಇತಿಹಾಸ-ಸಮಾಜಶಾಸ್ತ್ರ-ಅರ್ಥಶಾಸ್ತ್ರ’ ಎಂದಷ್ಟೇ ಇದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ನಮ್ಮ ಹೋಬಳಿಯ ಕೆರೆಗಳ ನೀರು ಹಂಚಿಕೆ ಬಗ್ಗೆ ಶಾಸನ, ಗ್ರಾಮ ನಕಾಶೆ ಮತ್ತು ಹಿರಿಯರ ಸಂದರ್ಶನ ಸೇರಿಸಿ ಯೋಜನಾ ವರದಿ ಬರೆದಿದ್ದೇನೆ, ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡಿದ್ದೇನೆ’ ಎಂದಿದ್ದರೆ ಎದುರಿಗಿರುವವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಇದನ್ನೇ ಎರಡು ನಿಮಿಷದಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹೇಳಲು ಅಭ್ಯಾಸ ಮಾಡಿ. ಮೊದಲು ಮನೆಯಲ್ಲಿ ಅಜ್ಜಿಗೆ ಹೇಳಿ ನೋಡಿ. ಅವರಿಗೆ ಅರ್ಥವಾದರೆ ಸಂದರ್ಶನದಲ್ಲಿ ಕೂತವರಿಗೂ ಆಗುತ್ತದೆ.

ಯೋಜನಾ ವರದಿ ಮುಗಿದ ಮೇಲೆ ಒಂದು ಪ್ರತಿಯನ್ನು ಮಾತಾಡಿಸಿದ ಊರಿನ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಇನ್ನೊಂದನ್ನು ಕಾ‌ಲೇಜು ಲೈಬ್ರರಿಯಲ್ಲಿಡಿ. ಮುಂದಿನ ವರ್ಷ ಅದೇ ಕೆರೆಯ ಕೆಳಗಿನ ಊರಿನ ಇನ್ನೊಬ್ಬ ವಿದ್ಯಾರ್ಥಿಗೆ ಅದು ಬೇಕಾಗಬಹುದು.